ಪರದೆಗೆ ಬೆನ್ನು ಹಾಕಿ ಕುಳಿತ ನಾಯಕ

೧೯೫೩ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಮಂಗಳೂರಿನ ಒಂದು ಚಿತ್ರಮಂದಿರಕ್ಕೆ ಪ್ರಸಿದ್ಧ ನಾವಿಕನೊಬ್ಬನ ಕಥೆಯ ಇಂಗ್ಲಿಷ್ ಚಿತ್ರ ಬಂತು. ವಾರ ತುಂಬುವ ಮೊದಲೇ ಅದನ್ನು ತೆಗೆಯಲಾಯಿತು.

ನಡೆದದ್ದು ಇಷ್ಟು. ಚಿತ್ರ ಕೆಟ್ಟದ್ದು ಎಂಬುದರಲ್ಲಿ ಊರಿನವರಿಗೆ ಆಗ ಸಂಶಯವಿರಲಿಲ್ಲ, ಈಗಲೂ ಇಲ್ಲ. ನನಗೆ ಆಗ ಇತ್ತು, ಈಗಲೂ ಉಂಟು.

ಮೊನ್ನೆ ಮನೆಯವರೆಲ್ಲ ಕೂಡಿ ಒಂದು ಚಿತ್ರಕ್ಕೆ ಹೋಗಿದ್ದೆವು. ಕೊನೆಯ ದೃಶ್ಯ ನಡೆಯುತ್ತಿರುವಾಗಲೇ ಸುತ್ತಲಿನವರು ಎದ್ದು ಕತ್ತಲೆಯಲ್ಲಿ ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು. ನಾನು ಏಳಲಿಲ್ಲ. ತಂಗಿಯ ಮಗ ನನ್ನ ತೋಳು ಹಿಡಿದು ಎಳೆದ.

"ಮಾವ, ಉರ್ವದ ಬಸ್ಸು ಹೋಗ್ತದೆ. ಇನ್ನೆಂತ ಉಂಟು ನೋಡ್ಲಿಕ್ಕೆ?"

"ಮುಗಿದಿಲ್ಲ."

"ಮುಗಿದ ಹಾಗೆಯೇ ಮಾರಾಯ್ರೇ. ಅವರಿಬ್ಬರಿಗೆ ಮದುವೆ ಆಗ್ತದೆ."

ಮದುವೆ ಆಯಿತು. ಬಸ್ಸು ಹೋಯಿತು. ಉರ್ವದವರೆಗೆ ನಡೆಯುವ ದಾರಿಯಲ್ಲಿ, ಯಾವ ಚಿತ್ರದಿಂದಲೂ ಅರ್ಧಕ್ಕೆ ಏಳಬಾರದು ಎಂಬ ನನ್ನ ಪಾಠವನ್ನು ಅವನಿಗೆ ಒಪ್ಪಿಸಿ, ಉದಾಹರಣೆಗೆ ಆ ನಾವಿಕನ ಚಿತ್ರದ ಮಾತೆತ್ತಿದೆ. "ಅದು ಬಿದ್ದ ಸಿನಿಮಾ ಅಲ್ವಾ?" ಎಂದ. ಅದು ಬಂದಾಗ ಅವನು ಹುಟ್ಟಿರಲಿಲ್ಲ. ತಾವು ಹುಟ್ಟುವ ಮೊದಲು ಬಿದ್ದದ್ದನ್ನೂ ಬಾಯಿಪಾಠ ಮಾಡಿಕೊಂಡಿರುವ ಜನ ನಮ್ಮವರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿಕನ ಹೆಸರು ಹೇಳಬೇಕಾಗಿಲ್ಲ. ಇಂಡಿಯಾಕ್ಕೆಂದು ಹೊರಟು ಅಮೆರಿಕಕ್ಕೆ ಹೋದವನು. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವನಿಗೊಂದು ಪಾಠವೇ ಇತ್ತು. ನಾವು ಹುಡುಗರು ಅವನನ್ನು ವಿಳಾಸ ತಪ್ಪಿದ ನೆಂಟ ಎಂದೇ ತಿಳಿದಿದ್ದೆವು. ರಜೆಯಲ್ಲಿ ಬಂದರಿನ ದಕ್ಕೆಗೆ ಹೋಗಿ, ಒಣಮೀನಿನ ವಾಸನೆಯಲ್ಲಿ, ಹೆಂಚಿನ ಕೆಂಪು ಹುಡಿ ಚಡ್ಡಿಗೆ ಹತ್ತಿಸಿಕೊಂಡು ಕೂರುತ್ತಿದ್ದೆವು. ಎದುರಿಗೆ ಮಂಜಿ ಹಡಗುಗಳು ಹಾಯಿ ಬಿಚ್ಚುತ್ತಿದ್ದವು. ಆ ಮನುಷ್ಯ ಸರಿಯಾದ ದಾರಿ ಹಿಡಿದಿದ್ದರೆ ಇಲ್ಲಿಗೇ ಬರುತ್ತಿದ್ದ ಎಂದು ನಾನು ವಾದಿಸುತ್ತಿದ್ದೆ. ಬಂದಿದ್ದರೆ ಏನಾಗುತ್ತಿತ್ತು ಎಂದು ಉಳ್ಳಾಲದವರನ್ನು ಕೇಳು, ಹಾಗೆ ಬಂದ ಪರಂಗಿಯವರನ್ನು ಅವರು ಹೇಗೆ ಓಡಿಸಿದರು ಅಂತ ಗೊತ್ತಾಗ್ತದೆ ಎಂದು ಜೊತೆಯ ಒಬ್ಬ ಹುಡುಗ ಹೇಳುತ್ತಿದ್ದ. ನಮ್ಮ ತರಗತಿಯಲ್ಲಿ ಚರಿತ್ರೆಗೆ ಹೆಚ್ಚು ಅಂಕ ಅವನಿಗೇ ಬರುತ್ತಿತ್ತು.

ಹೀಗೆ ಹಳೆಯ ಪರಿಚಯ ಇದ್ದದ್ದರಿಂದ, ಆ ಚಿತ್ರ ಬಂದಾಗ ಮೊದಲ ಆಟಕ್ಕೇ ಹೋದೆ. ಆಗ ನಾನು ಇಲ್ಲಿನ ಒಂದು ಪತ್ರಿಕೆಯಲ್ಲಿ ಕಿರಿಯ ವರದಿಗಾರ. ನೆರೆ, ಶಾಲಾ ವಾರ್ಷಿಕೋತ್ಸವ, ಬಸ್ಸು ಚರಂಡಿಗೆ ಇಳಿದದ್ದು ಎಲ್ಲವೂ ನನ್ನ ಪಾಲಿಗೆ. ಸಿನಿಮಾ ಕೂಡ, ಯಾಕೆಂದರೆ ಅದನ್ನು ಬೇರೆ ಯಾರೂ ಗಂಭೀರ ಕೆಲಸ ಎಂದು ತಿಳಿದಿರಲಿಲ್ಲ.

ಚಿತ್ರವನ್ನು ತರಿಸಿದವರು ಹಸನಬ್ಬ ಸಾಹೇಬರು. ಬಂದರಿನಲ್ಲಿ ಅವರಿಗೆ ಕರ್ಪೂರ, ಕಲ್ಲುಸಕ್ಕರೆ, ಖರ್ಜೂರದ ಅಂಗಡಿ. ಅಜ್ಜನ ಕಾಲದಲ್ಲಿ ಅವರ ಮನೆಗೆ ಸ್ವಂತ ಮಂಜಿ ಇತ್ತು. ಅದು ಅರಬ್ಬರ ಊರಿಗೆ ಹೆಂಚು ಹೊತ್ತು ಹೋಗಿ ಖರ್ಜೂರ ಹೊತ್ತು ಬರುತ್ತಿತ್ತು. ಆ ವರ್ಷ ಅವರು ಚಿತ್ರಮಂದಿರವನ್ನು ಲೀಸಿಗೆ ಹಿಡಿದಿದ್ದರು. ಬೇರೆ ಊರುಗಳಲ್ಲಿ ಚಿತ್ರ ನಡೆಯಲಿಲ್ಲ, ಅಲ್ಲಿನ ಪತ್ರಿಕೆಗಳು ಬೈದು ಬರೆದಿವೆ ಎಂದು ನಾನು ತಿಳಿಸಿದೆ.

"ಬೇರೆ ಊರಿನವರಿಗೆ ಕಡಲು ಉಂಟಾ?" ಎಂದರು ಹಸನಬ್ಬ. "ಇದು ಹಡಗಿನ ಕಥೆ. ನಮ್ಮವರು ಬಾರದೆ ಎಲ್ಲಿ ಹೋಗ್ತಾರೆ?"

ನಮ್ಮವರು ಬಂದರು. ಬಂದವರು ಅರ್ಧದಲ್ಲಿ ಎದ್ದು ಹೋದರು.

ಚಿತ್ರದ ದೋಷಗಳನ್ನು ಮುಚ್ಚಿಡುವುದಿಲ್ಲ. ಹಡಗು ಕೊನೆಗೊಮ್ಮೆ ಹೊರಡುವ ತನಕ ಜನ ಕೋಣೆಯಲ್ಲಿ ನಿಂತು ಮಾತಾಡುತ್ತಾರೆ. ಒಂದು ಕೋಣೆ ಮುಗಿದರೆ ಇನ್ನೊಂದು ಕೋಣೆ. ನಾಯಕನ ಕಟ್ಟುಗೂದಲಿನ ಟೋಪನ್ ಹಣೆಯ ಹತ್ತಿರ ಸ್ವಲ್ಪ ಎದ್ದಿರುತ್ತದೆ. ಕಡಲು ಬಂದಾಗ ಅದು ಒಗೆದು ಹಿಂಡದ ಬೆಡ್‌ಶೀಟಿನ ಹಾಗೆ ಕಾಣುತ್ತದೆ. ಮುಂದಿನ ಬೆಂಚಿನಲ್ಲಿದ್ದ ದಕ್ಕೆಯ ಕೆಲಸದವರು ಮೊದಲ ಅಲೆಗೇ ನಕ್ಕರು. "ಇದರಲ್ಲಿ ಬಲೆ ಹಾಕಿದರೆ ಎಂತ ಸಿಗ್ತದೆ ಮಾರಾಯ, ಸಾಬೂನು" ಎಂದ ಒಬ್ಬ. ನೆಲಗಡಲೆಯ ಸಿಪ್ಪೆ ಪರದೆಯ ಕಡೆಗೆ ಹಾರಿತು.

ಆದರೆ ಆ ಕೋಣೆಗಳಲ್ಲಿ ಮಾತಾಡುತ್ತಿದ್ದವರು ಏನು ಮಾತಾಡುತ್ತಿದ್ದರು? ಒಬ್ಬ ಮನುಷ್ಯ ಹೊರಡಬೇಕು ಎನ್ನುತ್ತಾನೆ. ಓದಿದವರೆಲ್ಲ ಕೂಡಿ ಹೊರಡಬಾರದು ಎನ್ನುತ್ತಾರೆ. ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ ಎಂದವರೊಡನೆ ನನಗೆ ಮಾತಿಲ್ಲ. ಇಡೀ ರಾತ್ರಿ ಇಬ್ಬರು ಮುಖಾಮುಖಿ ಕುಳಿತು ವಾದಿಸುವುದನ್ನು ಚಾಪೆ ಹಾಸಿಕೊಂಡು ಕೇಳುವ ಜಿಲ್ಲೆ ನಮ್ಮದು.

ಹಸನಬ್ಬರಿಗೂ ಅದೇ ಹೊಳೆಯಿತು. ತಾಳಮದ್ದಲೆ ಎಂದರೆ ಅವರಿಗೆ ಪ್ರಾಣ. ಯಕ್ಷಗಾನದ ಪ್ರಸಂಗವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಟ್ಟ ಮಾತಿಲ್ಲ, ಎಲ್ಲವೂ ಆಗ ಹುಟ್ಟಿದ್ದು. ಅದಕ್ಕೊಂದು ಕ್ರಮ ಉಂಟು: ಪಾತ್ರ ಒಪ್ಪಿಕೊಂಡ ಮೇಲೆ ಅದರ ಪಕ್ಷ ನಿನ್ನದು. ದುರ್ಯೋಧನನಾದರೆ ದುರ್ಯೋಧನನ ಪಕ್ಷವನ್ನು ಕೊನೆಯವರೆಗೆ ಹಿಡಿಯಬೇಕು. ಮನಸ್ಸಿಲ್ಲ ಎಂದು ಸಡಿಲ ಮಾತಾಡಿದರೆ ಮುಂದಿನ ಕೂಟಕ್ಕೆ ಕರೆ ಬರುವುದಿಲ್ಲ.

"ಪೇಪರಿನವರೇ, ಪರದೆ ಪಕ್ಕದಲ್ಲಿ ಒಬ್ಬರು ಅರ್ಥಧಾರಿ ಕೂತರೆ ಹೇಗೆ?" ಎಂದು ಹಸನಬ್ಬ ಕೇಳಿದರು. "ನಿಮ್ಮ ದೋಸ್ತಿ ಶ್ರೀಪತಿ ಮಾಸ್ಟ್ರು ಒಪ್ಪುತ್ತಾರಾ?"

ಶ್ರೀಪತಿ ಮಾಸ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಜೆಪ್ಪುವಿನ ಕಡೆಯ ಒಂದು ದೇವಸ್ಥಾನದ ಅರ್ಚಕರ ಮನೆಯವರು. ತಂದೆ ತೀರಿಹೋದ ಮೇಲೆ ಅವರನ್ನು ಸಾಕಿದ್ದು, ಪೂಜೆ ಕಲಿಸಿದ್ದು, ಅರ್ಥ ಹೇಳಲು ಕಲಿಸಿದ್ದು ಎಲ್ಲ ದೊಡ್ಡಪ್ಪ ವಾಸುದೇವ ಭಟ್ರು. ಭಟ್ರು ಜಿಲ್ಲೆಯಲ್ಲೇ ಹೆಸರಾದ ಅರ್ಥಧಾರಿ. ದೇವಸ್ಥಾನದಲ್ಲಿ ಪೂಜೆಯ ಪಾಳಿ ಅವರ ಮನೆಗೆ ತಲೆತಲಾಂತರದಿಂದ ಬಂದದ್ದು.

ಆ ಡಿಸೆಂಬರಿನಲ್ಲಿ ಮಾಸ್ಟ್ರ ಮನೆಯಲ್ಲಿ ಮಾತು ನಿಂತಿತ್ತು. ಅವರಿಗೆ ಕಡಲಾಚೆ ಅರಬ್ಬರ ಕಡೆಯ ಏಡನ್‌ನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬೊಂಬಾಯಿಯಿಂದ ಹಡಗು. ಕಡಲು ದಾಟಿದವನಿಗೆ ಗರ್ಭಗುಡಿ ಇಲ್ಲ, ಪಂಕ್ತಿಯಲ್ಲಿ ಎಲೆಯೂ ಇಲ್ಲ ಎಂದು ಹಿರಿಯರು ಹೇಳಿದ್ದರು. ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡರೆ ಯೋಚಿಸಬಹುದು ಎಂದು ಒಂದು ಸಂದು ಬಿಟ್ಟಿದ್ದರು. ಮಾಸ್ಟ್ರಿಗೆ ಆ ಸಂದು ಬೇಡವಾಗಿತ್ತು.

"ಹೋಗ್ಲಿಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ" ಎಂದು ಪತ್ರಿಕೆಯ ಕಚೇರಿಯ ಮೆಟ್ಟಿಲಿನ ಮೇಲೆ ಕುಳಿತು ನನಗೆ ಹೇಳಿದ್ದರು. "ತಿರುಗಿ ಬರ್ಲಿಕ್ಕೆ ಬೇಕು. ದೊಡ್ಡಪ್ಪನ ಪಕ್ಕದಲ್ಲಿ, ಈಗ ಕೂರುವ ಜಾಗದಲ್ಲೇ ಕೂತು ಉಣ್ಬೇಕು. ತಪ್ಪಾಯಿತು ಅಂತ ಹೇಳದೆ."

"ದೊಡ್ಡಪ್ಪ ಎಂತ ಹೇಳ್ತಾರೆ?"

"ಎಂತ ಹೇಳುವುದು? ಶಾಸ್ತ್ರ ಹೇಳ್ತಾರೆ."

ಹಸನಬ್ಬರ ಕೋರಿಕೆಯನ್ನು ನಾನು ಒಯ್ದಾಗ ಮಾಸ್ಟ್ರು ಕಥೆ ಏನೆಂದು ಕೇಳಿದರು. ಹೇಳಿದೆ. ಕೂಡಲೇ ಒಪ್ಪಿದರು.

ಶನಿವಾರದ ಮ್ಯಾಟಿನಿಗೆ ಅವರು ಮೈಕಿನ ಮುಂದೆ ಕುಳಿತರು. ಚಿತ್ರವನ್ನು ವಿವರಿಸುತ್ತಾರೆ ಎಂದು ನಾವು ತಿಳಿದಿದ್ದೆವು. ಅವರು ವಿವರಿಸಲಿಲ್ಲ, ನಾವಿಕನೇ ಆದರು. ಆಪರೇಟರ್ ಚಿತ್ರದ ಧ್ವನಿಯನ್ನು ತಗ್ಗಿಸಿದ. ಆ ದಿನ ಸಿಪ್ಪೆ ಹಾರಲಿಲ್ಲ. ಬಿಟ್ಟು ಹೋದವರೂ ಕಡಿಮೆ.

ಒಳ್ಳೆಯದು ಒಂದಾದರೆ ಅದನ್ನು ಎರಡು ಮಾಡಬೇಕು ಎನ್ನುವುದು ವ್ಯಾಪಾರಿಗಳ ಬುದ್ಧಿ. ಎದುರು ಪಕ್ಷಕ್ಕೆ ಯಾರಾದರೂ ಬೇಕು ಎಂದು ಹಸನಬ್ಬ ನೇರ ವಾಸುದೇವ ಭಟ್ರಲ್ಲಿಗೆ ಹೋದರು. ದೇವಸ್ಥಾನಕ್ಕೆ ಕರ್ಪೂರ ಅವರ ಅಂಗಡಿಯಿಂದಲೇ ಹೋಗುತ್ತಿತ್ತು, ಆದ್ದರಿಂದ ಅಂಗಳದವರೆಗೆ ಸಲಿಗೆ ಇತ್ತು. ಎದುರಿಗೆ ಕೂರುವವರು ಶ್ರೀಪತಿ ಮಾಸ್ಟ್ರು ಎಂದು ಹೇಳಿದರು.

"ನಾನು ಸಿನಿಮಾ ನೋಡುವವನಲ್ಲ, ಹಸನಬ್ಬರೇ."

"ನೋಡುವುದು ಬೇಡ ಭಟ್ರೇ. ಅದಕ್ಕೆ ಬೆನ್ನು ಹಾಕಿ ಕೂತುಕೊಳ್ಳಿ. ನೀವು ಜನರನ್ನು ನೋಡಿ, ಜನ ನಿಮ್ಮನ್ನು ನೋಡ್ತಾರೆ."

ಭಾನುವಾರ ಭಟ್ರು ಬಂದರು. ಬಿಳಿ ಶಾಲು, ಕೈಯಲ್ಲಿ ತಮ್ಮದೇ ನೀರಿನ ತಂಬಿಗೆ. ಪರದೆಯ ಮುಂದೆ ಎರಡು ಕುರ್ಚಿ, ಅವುಗಳ ಮೇಲೆ ಒಂದು ಸಣ್ಣ ದೀಪ. ಇಲ್ಲಿ ಹಸನಬ್ಬ ಒಂದು ತಪ್ಪು ಮಾಡಿದರು. ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ಕೂಟದಲ್ಲಿ ಪಾತ್ರ ಹಂಚುವಾಗ ಹಿರಿಯರಿಗೆ ಮೊದಲು, ಅದೂ ಮುಖ್ಯ ಪಾತ್ರ. ಇಷ್ಟು ವರ್ಷ ಕೂಟದಲ್ಲಿ ಕುಳಿತ ಮನುಷ್ಯ, ಯೋಚಿಸದೆ ಕೈಮುಗಿದು ಕೇಳಿಬಿಟ್ಟರು: "ನಾಯಕನ ಪಾತ್ರ ನಿಮ್ಮದಲ್ಲವಾ ಭಟ್ರೇ?"

ಭಟ್ರೂ ಯೋಚಿಸದೆ, ಅವರ ವಯಸ್ಸಿನ ಯಾರಾದರೂ ಹೇಳುವಂತೆ, "ಆಗಬಹುದು" ಎಂದರು. ಆಮೇಲೆ ಮಾಸ್ಟ್ರ ಕಡೆ ತಿರುಗಿ, "ಯಾರು ಅವನು? ಎಂತ ಕಥೆ?" ಎಂದು ಕೇಳಿದರು.

ಮಾಸ್ಟ್ರು ಹೇಳಿದರು. ಕಡಲು ದಾಟುತ್ತೇನೆ ಎನ್ನುವವನು ನಾಯಕ. ದಾಟಬಾರದು ಎನ್ನುವ ಆಸ್ಥಾನದ ಪಂಡಿತರು ಎದುರು ಪಕ್ಷ. ಹಸನಬ್ಬರಿಗೆ ಆಗ ತಾನು ಮಾಡಿದ್ದೇನೆಂದು ಗೊತ್ತಾಯಿತು. "ಪಾತ್ರ ಬದಲಾಯಿಸುವಾ ಭಟ್ರೇ?" ಎಂದರು.

"ಒಪ್ಪಿದ ಪಾತ್ರ ಬಿಡುವ ಕ್ರಮ ಇಲ್ಲ" ಎಂದು ಭಟ್ರು ತಂಬಿಗೆ ಕೆಳಗಿಟ್ಟರು.

ಕಡಲು ದಾಟಬಾರದು ಎಂದವರು ದಾಟುವವನ ಪಕ್ಷಕ್ಕೆ. ದಾಟಲು ಟಿಕೆಟು ಮಾಡಿಸಿದವರು ದಾಟಬಾರದು ಎನ್ನುವ ಪಕ್ಷಕ್ಕೆ. ಚಿತ್ರಮಂದಿರದಲ್ಲಿ ಇದು ಗೊತ್ತಿದ್ದವರು ನಾಲ್ವರು, ನಾವೇ.

ಪದ್ಯ ಹಾಡುವ ಭಾಗವತರಿರಲಿಲ್ಲ, ಮದ್ದಲೆ ಇರಲಿಲ್ಲ. ಪದ್ಯದ ಬದಲು ಪರದೆಯ ಮೇಲಿನ ದೃಶ್ಯ. ನಾಯಕ ಪರದೆಗೆ ಬೆನ್ನು ಹಾಕಿದ್ದರಿಂದ ಹಸನಬ್ಬ ಬದಿಯಲ್ಲಿ ನಿಂತು, "ಭಟ್ರೇ, ರಾಣಿ ಬಂದಳು", "ಭಟ್ರೇ, ಪಂಡಿತರು ನಗಾಡ್ತಿದ್ದಾರೆ" ಎಂದು ತಗ್ಗಿದ ಸ್ವರದಲ್ಲಿ ತಿಳಿಸುತ್ತಿದ್ದರು.

ಭಟ್ರು ಮೊದಲು ನಿಧಾನವಾಗಿ ಹೋದರು. ಪರಿಚಯವಿಲ್ಲದ ನೀರಿಗೆ ಇಳಿಯುವವರ ಹಾಗೆ. ಆಮೇಲೆ ಕೇಳಿದರು:

"ಪಂಡಿತರೇ, ಗ್ರಹಣದ ದಿನ ನೀವು ಎಲ್ಲಿ ಮುಳುಗುತ್ತೀರಿ? ಕಡಲಿನಲ್ಲಿ. ಮೊಣಕಾಲಿನವರೆಗೆ ನಿಂತರೆ ಪವಿತ್ರ, ಕುತ್ತಿಗೆಯವರೆಗೆ ನಿಂತರೆ ಪವಿತ್ರ. ಯಾವ ಆಳದಿಂದ ಆ ನೀರು ಮೈಲಿಗೆಯಾಗುತ್ತದೆ? ಆ ಗೆರೆಯನ್ನು ತೋರಿಸಿ. ನಾನು ಅದರಿಂದ ಈಚೆಗೆ ಹಡಗು ಬಿಡುತ್ತೇನೆ."

ಸ್ಪೇನಿನ ಆಸ್ಥಾನಕ್ಕೂ ಗ್ರಹಣದ ಸ್ನಾನಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ದಕ್ಕೆಯವರ ಬೆಂಚಿನಿಂದ "ಹೌದು, ತೋರಿಸಲಿ" ಎಂಬ ಸ್ವರ ಬಂತು.

ಮಾಸ್ಟ್ರು ಉತ್ತರ ಕೊಟ್ಟರು, ಆದರೆ ಸಡಿಲವಾಗಿತ್ತು. ಎರಡನೆಯ ಪ್ರಶ್ನೆಗೆ ಇನ್ನೂ ಸಡಿಲ. ನನಗೇ ಗೊತ್ತಾಯಿತು ಎಂದ ಮೇಲೆ ಕಲಿಸಿದವರಿಗೆ ಗೊತ್ತಾಗದೆ ಇರುತ್ತದೆಯೇ. ಮಾಸ್ಟ್ರ ಲೆಕ್ಕ ಇಷ್ಟೇ: ಸುಮ್ಮನೆ ಸೋತರೆ ಸಾಕು, ದೊಡ್ಡಪ್ಪ ಗೆಲ್ಲುತ್ತಾರೆ. ದೊಡ್ಡಪ್ಪ ಗೆದ್ದರೆ ತಾನು ಗೆದ್ದ ಹಾಗೆ. ಭಟ್ರು ಮಾಸ್ಟ್ರ ಕಡೆ ಪೂರ್ತಿ ತಿರುಗಿ ಕುಳಿತರು.

"ಪಂಡಿತರ ಬಾಯಿ ಕಟ್ಟಿತೇ? ದಾನವಾಗಿ ಸಿಕ್ಕಿದ ಹಡಗು ನನಗೆ ಬೇಡ. ನಿಮ್ಮಲ್ಲಿ ವಾದ ಇದ್ದರೆ ಹೇಳಿ. ಇಲ್ಲದಿದ್ದರೆ ಸಭೆಯಿಂದ ಏಳಿ."

ಮಾಸ್ಟ್ರ ಕಿವಿ ಕೆಂಪಾದದ್ದು ಆರನೆಯ ಸಾಲಿನಲ್ಲಿದ್ದ ನನಗೂ ಕಾಣಿಸಿತು. ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಹೇಳುತ್ತೇನೆ, ನಾವಿಕ. ಹೊಸ ನೆಲ ಕಾಣುತ್ತೇನೆ ಎನ್ನುತ್ತೀಯೆ. ಅಲ್ಲಿ ಜನ ಇದ್ದರೆ ಅದು ಅವರಿಗೆ ಹಳೆಯ ನೆಲ. ನೀನು ಕಾಣುವುದು ನಿನ್ನ ಆಸೆಯನ್ನು. ಅದಿರಲಿ. ಹೋಗುವವನ ಧೈರ್ಯವನ್ನು ಊರು ಹಾಡುತ್ತದೆ. ಇಲ್ಲಿ ಉಳಿದ ಮುದುಕ ಬೆಳಗ್ಗೆ ಎದ್ದು ಬಾವಿಯಿಂದ ನೀರು ಸೇದುವುದನ್ನು ಯಾರು ಹಾಡುತ್ತಾರೆ? ಅವನ ಕೈ ನಡುಗಿದ ದಿನ ಆ ಗುಡಿಯಲ್ಲಿ ದೀಪ ಇಡುವವನು ಯಾರು? ಹೆಸರು ಹೇಳು."

ಇದು ಹೊರಡಲು ನಿಂತವನ ಬಾಯಿಯಲ್ಲಿ ಬಂದ ಮಾತು. ತನ್ನ ಟಿಕೆಟಿನ ಮೇಲೆ ತಾನೇ ಕಾಲಿಟ್ಟ ಹಾಗೆ. ಇಷ್ಟರಲ್ಲಿ ಹಸನಬ್ಬ ಸೂಚನೆ ಕೊಡುವುದನ್ನು ಮರೆತಿದ್ದರು. ಭಟ್ರ ಹಿಂದೆ ಪರದೆಯ ಮೇಲೆ ಹಡಗುಗಳು ಹೊರಟವು, ಹಡಗಿನವರು ದಂಗೆ ಎದ್ದರು, ನೆಲ ಕಂಡಿತು, ಬಾವುಟ ನೆಟ್ಟರು. ಯಾರೂ ನೋಡಲಿಲ್ಲ. ಚಿತ್ರ ಮುಗಿದು ಪರದೆ ಬೆಳ್ಳಗಾಯಿತು. ಆಪರೇಟರ್ ದೀಪ ಹಾಕಿ, ತಾನೂ ಕೆಳಗಿಳಿದು ಬಂದು ಬಾಗಿಲಿಗೆ ಒರಗಿ ನಿಂತ. ಯಾರೂ ಏಳಲಿಲ್ಲ. ಆ ಚಿತ್ರಕ್ಕೆ ಕೊನೆಯವರೆಗೆ ಯಾರೂ ಕೂರಲಿಲ್ಲ ಎನ್ನುವವರು ಹಿಂದಿನ ವಾಕ್ಯವನ್ನು ಇನ್ನೊಮ್ಮೆ ಓದಬಹುದು.

ಭಟ್ರು ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದರು.

"ದೀಪ ನನ್ನ ಅಜ್ಜನಿಗಿಂತ ಮೊದಲೇ ಉರಿಯುತ್ತಿತ್ತು, ಪಂಡಿತರೇ. ನಾನು ಹೋದ ಮೇಲೂ ಉರಿಯುತ್ತದೆ. ನಾನು ಕೇಳುವುದು ಹಡಗನ್ನಲ್ಲ. ತಿರುಗಿ ಬಂದ ದಿನ ಈ ಸಭೆಯಲ್ಲಿ ನಾನೀಗ ಕುಳಿತ ಜಾಗ ಖಾಲಿ ಇರುತ್ತದೆಯೇ?"

"ಪ್ರಾಯಶ್ಚಿತ್ತ ಮಾಡಿಕೊಂಡು ಬಾ. ಜಾಗ ಇರುತ್ತದೆ" ಎಂದರು ಪಂಡಿತರಾಗಿದ್ದ ಮಾಸ್ಟ್ರು. ಅವರ ಸ್ವರ ಗಟ್ಟಿಯಾಗಿಯೇ ಇತ್ತು.

"ತಪ್ಪಿದವನಿಗೆ ಪ್ರಾಯಶ್ಚಿತ್ತ. ನಡೆದವನಿಗೆ ಯಾಕೆ?"

ಅಲ್ಲಿಗೆ ಭಟ್ರು ಕೈಮುಗಿದರು. ಮಂಗಳ ಹಾಡುವ ಭಾಗವತರಿಲ್ಲದ್ದರಿಂದ ಜನಕ್ಕೆ ಮುಗಿಯಿತು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹೊರಗೆ, ಟಿಕೆಟು ಕೊಡುವ ಕಿಂಡಿಯ ಹತ್ತಿರ, ಮಾಸ್ಟ್ರು ಕೇಳಿದರು. "ದೊಡ್ಡಪ್ಪ, ಈಗ ಎಂತ ಹೇಳ್ತೀರಿ?"

"ಎಂತದಕ್ಕೆ?"

"ಕಡೆಗೆ ಹೇಳಿದ್ರಲ್ಲ, ಆ ಮಾತಿಗೆ."

"ಅದು ನಾವಿಕ ಹೇಳಿದ್ದು. ನಾನಲ್ಲ. ಕಂಸನ ಅರ್ಥ ಹೇಳಿದವ ಮನೆಗೆ ಹೋಗಿ ತಂಗಿಯನ್ನು ಸೆರೆಯಲ್ಲಿ ಹಾಕ್ತಾನಾ?"

"ಹಾಗಾದರೆ ದೀಪದ ಮಾತು ಪಂಡಿತರದ್ದು. ನನ್ನದಲ್ಲ. ನಾನು ಹೋಗ್ತೇನೆ."

"ಸರಿ" ಎಂದರು ಭಟ್ರು. ಒಂದೆರಡು ಹೆಜ್ಜೆ ಹೋಗಿ ತಿರುಗಿದರು. "ಬಾವಿಯ ಮಾತು ಚೆನ್ನಾಗಿತ್ತು. ಮೊದಲೇ ತರಬೇಕಿತ್ತು ನೀನು."

ವಾರದ ದಿನಗಳಲ್ಲಿ ಚಿತ್ರಮಂದಿರ ಖಾಲಿ ಹೊಡೆಯಿತು. ಹಸನಬ್ಬ ಚಿತ್ರವನ್ನು ವಾಪಸು ಕಳಿಸಿದರು. ಅದು ಬಿತ್ತು ಎಂದು ಎರಡು ಸಾಲು ಹಾಕಲು ನಮ್ಮ ಸಂಪಾದಕರು ಹೇಳಿದರು.

"ಭಾನುವಾರ ಬೀಳಲಿಲ್ಲ ಸರ್. ನಾನಿದ್ದೆ."

"ಉಳಿದ ದಿನ?"

"ಉಳಿದ ದಿನವೂ ಇದ್ದೆ. ಜನ ಎದ್ದು ಹೋದರು. ಅದು ಜನರ ಸುದ್ದಿ, ಚಿತ್ರದ್ದಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನನ್ನು ಇನ್ನು ಚರಂಡಿಗೇ ಹಾಕ್ತೇನೆ" ಎಂದರು. ಹಾಕಿದರು. ಒಂದು ವರ್ಷ ನಾನು ಮುನಿಸಿಪಾಲಿಟಿಯ ಚರಂಡಿಗಳ ಬಗ್ಗೆ ಮಾತ್ರ ಬರೆದೆ. ಆ ಎರಡು ಸಾಲನ್ನು ಬೇರೆ ಯಾರೋ ಬರೆದರು. ನಾನು ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಒಂದು ಚಿತ್ರ ಒಂದು ಊರಿನ ಹಿರಿಯನ ಬಾಯಿಯಿಂದ ಅವನು ಜೀವಮಾನದಲ್ಲಿ ಆಡದಿದ್ದ ಮಾತನ್ನು ಹೊರಡಿಸಿದರೆ, ಅದರ ಟೋಪನ್ ಎಷ್ಟು ಎದ್ದಿದ್ದರೂ ನನಗೆ ಅಡ್ಡಿಯಿಲ್ಲ.

ಮಾಸ್ಟ್ರು ಮರುವರ್ಷ ಏಡನ್‌ಗೆ ಹೋದರು. ೧೯೫೮ರಲ್ಲಿ ಮೊದಲ ಸಲ ರಜೆಯಲ್ಲಿ ಬಂದರು. ಮನೆಯಲ್ಲಿ ಒಂದು ಪೂಜೆಯಿತ್ತು. ಹಸನಬ್ಬರನ್ನೂ ನನ್ನನ್ನೂ ಊಟಕ್ಕೆ ಕರೆದಿದ್ದರು. ಒಳಗೆ ಪಂಕ್ತಿ, ನಮಗೆ ಜಗಲಿಯಲ್ಲಿ ಎಲೆ. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೀಯಾ ಎಂದು ಹಿರಿಯರು ಬೆಳಗ್ಗೆಯೇ ಕೇಳಿದ್ದರಂತೆ. ಮಾಸ್ಟ್ರು ಇಲ್ಲ ಎಂದಿದ್ದರು. ಅವರ ಎಲೆಯನ್ನು ತಂದು ನಮ್ಮ ಪಕ್ಕದಲ್ಲಿ ಹಾಕಿದರು.

"ಬನ್ನಿ ಮಾಸ್ಟ್ರೇ" ಎಂದು ಹಸನಬ್ಬ ಸ್ವಲ್ಪ ಸರಿದು ಕುಳಿತರು. "ಏಡನ್‌ಗೆ ಹೋಗಿ ಬಂದವರಿಗೆ ಒಳಗಿನ ಚಾವಡಿಗೆ ಪಾಸ್‌ಪೋರ್ಟ್ ಸಿಗ್ಲಿಲ್ಲವಾ?"

ಮಾಸ್ಟ್ರು ಎಲೆಗೆ ನೀರು ಚಿಮುಕಿಸಿ ಒರೆಸಿದರು. ಇನ್ನೊಮ್ಮೆ ಒರೆಸಿದರು. ಒಳಗೆ ಬಡಿಸಲು ಸುರು ಮಾಡಿರಲಿಲ್ಲ. ಪಂಕ್ತಿಯ ತಲೆಯಲ್ಲಿ ಕುಳಿತಿದ್ದ ವಾಸುದೇವ ಭಟ್ರು ಎದ್ದದ್ದು ನಮಗೆ ಕಿಟಿಕಿಯಿಂದ ಕಾಣಿಸಿತು. ತಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸಿಲು ದಾಟಿ ಜಗಲಿಗೆ ಬಂದರು. ಮಾಸ್ಟ್ರ ಬಲಗಡೆ ಹಾಕಿಕೊಂಡು ಕುಳಿತರು.

ಬಾಗಿಲಲ್ಲಿ ಒಬ್ಬ ಹಿರಿಯರು ನಿಂತರು. "ಭಟ್ರೇ, ಅಲ್ಲಿ ಉಂಡರೆ ನಾಳೆ ಬೆಳಗಿನ ಪೂಜೆ?"

"ಗುಡಿಯ ಕೀಲಿಕೈ ಬಾಗಿಲ ದಾರಂದದ ಮೇಲೆ ಉಂಟು" ಎಂದರು ಭಟ್ರು. ಆಮೇಲೆ ಒಳಗಿನವರಿಗೆ ಕೇಳುವಂತೆ, "ಇಲ್ಲಿಂದ ಬಡಿಸಿ."

ಮರುದಿನದ ಪೂಜೆಯನ್ನು ಇನ್ನೊಂದು ಮನೆಯವರು ಮಾಡಿದರು. ಪಾಳಿ ಈಗಲೂ ಆ ಮನೆಯಲ್ಲಿದೆ. ಶ್ರೀಪತಿ ಮಾಸ್ಟ್ರು ೧೯೬೭ರಲ್ಲಿ ಏಡನ್ ಬಿಟ್ಟು ಊರಿಗೆ ಬಂದು ದೊಡ್ಡಪ್ಪನ ಜೊತೆಯಲ್ಲಿದ್ದಾರೆ. ಪ್ರಾಯಶ್ಚಿತ್ತವನ್ನು ಇಬ್ಬರೂ ಮಾಡಿಕೊಂಡಿಲ್ಲ.